ಸಫರ್ ಎಂದರೆ ಬಿಡಿ ಎಂದು

ಈ ಸಂಜೆಯ ಸಭೆಯ ಅಧ್ಯಕ್ಷರೂ ನಮ್ಮ ಊರಿನ ಸಂಘದ ಹಿರಿಯರೂ ಆದ ಶ್ರೀ ಮೊಣ್ಣಪ್ಪನವರೇ, ಬೀಳ್ಕೊಡಲು ನಾವೆಲ್ಲ ಸೇರಿದ್ದರೂ ಬೀಳ್ಕೊಡಲು ನಮಗ್ಯಾರಿಗೂ ಮನಸ್ಸಿಲ್ಲದ ನಮ್ಮ ಗುರುಗಳಾದ ಮಿಸ್ ಬೆಲ್ ಅವರೇ, ವೇದಿಕೆಯ ಮೇಲಿರುವ ಸಂಘದ ಸದಸ್ಯರೇ, ಎಸ್ಟೇಟಿನ ಕೆಲಸ ಮುಗಿಸಿ, ಲೈನಿನ ಮನೆಗಳಲ್ಲಿ ಕೈಕಾಲು ತೊಳೆದು ನೇರವಾಗಿ ಇಲ್ಲಿಗೆ ಬಂದಿರುವ ಅಕ್ಕತಂಗಿಯರೇ, ಬಾಗಿಲ ಹೊರಗೆ ನಿಂತು, ದಾರಿಯಲ್ಲಿ ಹೋಗುತ್ತಿದ್ದವರು ಸುಮ್ಮನೆ ನಿಂತೆವು ಎಂಬಂತೆ ಕೇಳುತ್ತಿರುವ ಗಂಡಸರೇ, ಸಭಿಕರೇ.

ನನ್ನ ಹೆಸರು ಯಮುನ. ತವರು ಕರಿಕೆ, ಸೇರಿದ ಮನೆ ಇಲ್ಲೇ ಕಕ್ಕಬೆ. ಅಧ್ಯಕ್ಷರಿಗೆ ನನ್ನ ಪರಿಚಯ ಬೇಕಾಗಿಲ್ಲ. ನಾನು ಅವರ ಸೊಸೆ. ನಮ್ಮ ಮನೆಯಲ್ಲಿ ಸೊಸೆಯಂದಿರು ಮಾವನ ಎದುರು ಕುರ್ಚಿಯಲ್ಲಿ ಕೂರುವ ಪದ್ಧತಿ ಇಲ್ಲ. ಭಾಷಣವನ್ನು ನಿಂತೇ ಮಾಡಬೇಕೆಂದು ಯಾರು ನಿಯಮ ಮಾಡಿದರೋ ಅವರಿಗೆ ಒಳ್ಳೆಯದಾಗಲಿ. ಮದುವೆಯಾಗಿ ಬಂದ ಮೇಲೆ ನಾನು ಅವರೆದುರು ಇಷ್ಟು ಹೊತ್ತು ಮಾತಾಡುತ್ತಿರುವುದು ಇದೇ ಮೊದಲು. ಇನ್ನೂ ಸ್ವಲ್ಪ ಹೊತ್ತು ಮಾತಾಡುವುದಿದೆ.

ವಂದನಾರ್ಪಣೆ ಎಂದು ಎರಡು ಮಾತು ಹೇಳಿ, ಈ ಕೋಣೆಯ ಬೀಗದ ಕೈಯನ್ನು ಅಧ್ಯಕ್ಷರಿಗೆ ಒಪ್ಪಿಸಿ ಇಳಿದುಬಿಡು ಎಂದು ನನಗೆ ಹೇಳಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲೂ ಹಾಗೆಯೇ ಅಚ್ಚಾಗಿದೆ: 'ಬೀಳ್ಕೊಡುಗೆ ಹಾಗೂ ತರಗತಿಯ ಮುಕ್ತಾಯ ಸಮಾರಂಭ.' ಸಭಿಕರೇ, ಬೀಳ್ಕೊಡುಗೆ ಎಂಬ ಮಾತಿಗೆ ನನ್ನ ತಕರಾರಿಲ್ಲ. ಮಿಸ್ ಬೆಲ್ ಅವರ ಮಿಷನ್ನಿನವರು ಅವರನ್ನು ನ್ಯೂಜಿಲೆಂಡಿಗೆ ವಾಪಸು ಕರೆದಿದ್ದಾರೆ, ಅವರು ಹೋಗಲೇಬೇಕು. ಆದರೆ ಮುಕ್ತಾಯ ಎಂಬ ಮಾತನ್ನು ಯಾರು ಬರೆದರು? ಯಾರನ್ನು ಕೇಳಿ ಬರೆದರು? ತರಗತಿಗೆ ಬರುವ ನಮ್ಮಲ್ಲಿ ಒಬ್ಬಳನ್ನಾದರೂ ಕೇಳಿದರೇ? ನಾನು ಇಂದು ಮಾತಾಡಲು ನಿಂತಿರುವುದು ಆ ಒಂದು ಮಾತಿನ ವಿಚಾರವಾಗಿ.

ಗೊತ್ತಿಲ್ಲದವರಿಗಾಗಿ ಮೊದಲಿನಿಂದ ಹೇಳುತ್ತೇನೆ. ಮೂರು ವರ್ಷದ ಹಿಂದೆ ಮಿಸ್ ಬೆಲ್ ಅವರು ಈ ಊರಿಗೆ ಬಂದಾಗ ಈ ಕೋಣೆ ಏಲಕ್ಕಿ ತುಂಬಿಡುವ ಗೋದಾಮಾಗಿತ್ತು. ಈಗಲೂ ಮೂಸಿ ನೋಡಿದರೆ ಗೋಡೆಯಿಂದ ಏಲಕ್ಕಿಯ ವಾಸನೆ ಬರುತ್ತದೆ. ಸಂಘದವರು ದೊಡ್ಡ ಮನಸ್ಸು ಮಾಡಿ ಇದನ್ನು ಅವರಿಗೆ ಬಿಟ್ಟುಕೊಟ್ಟರು. ಹೆಂಗಸರಿಗೆ ಮಾತಾಡುವ ಇಂಗ್ಲಿಷ್ ಕಲಿಸುತ್ತೇನೆ, ಪುಸ್ತಕ ಮಾತ್ರ ಬೈಬಲ್, ಬೇರೆ ಪುಸ್ತಕ ನನ್ನ ಹತ್ತಿರ ಇಲ್ಲ ಎಂದು ಅವರು ಮೊದಲೇ ಹೇಳಿದರು. ಊರಿನಲ್ಲಿ ಗುಸುಗುಸು ಎದ್ದಿತು. ಇಂದು ಓದಿಸುತ್ತಾರೆ, ನಾಳೆ ಮೊಣಕಾಲೂರಿಸುತ್ತಾರೆ ಎಂದರು. ಇಂದು ಆ ಮಾತನ್ನೂ ಮುಚ್ಚಿಡುವುದಿಲ್ಲ. ನಾವು ಕ್ರೈಸ್ತರಾದರೆ ಮಿಸ್ ಬೆಲ್ ಅವರಿಗೆ ಸಂತೋಷವಾಗುತ್ತಿತ್ತು. ಅದನ್ನು ಅವರು ನಮ್ಮಿಂದ ಮುಚ್ಚಿಡಲಿಲ್ಲ. ನಾವು ಆಗುವುದಿಲ್ಲ ಎಂಬುದನ್ನು ನಾವೂ ಅವರಿಂದ ಮುಚ್ಚಿಡಲಿಲ್ಲ. ತುಲಾ ಸಂಕ್ರಮಣಕ್ಕೆ ನಾನು ತಲಕಾವೇರಿಗೆ ಹೋಗುತ್ತೇನೆಂದು ರಜೆ ಕೇಳಿದಾಗ, ಕೊಟ್ಟು, ತೀರ್ಥ ಎಂದರೆ ಏನೆಂದು ಇಂಗ್ಲಿಷಿನಲ್ಲಿ ಹೇಳಿ ಹೋಗು ಎಂದರು. ಅರ್ಧ ಗಂಟೆ ಒದ್ದಾಡಿ ಹೇಳಿದೆ. ಅದೂ ಪಾಠವೇ ಆಯಿತು.

ಅವರ ಹೆಸರನ್ನು ನಾವು ಎರಡನೇ ದಿನವೇ ಬೆಲ್ಲಮ್ಮ ಎಂದು ಮಾಡಿಕೊಂಡೆವು. ಬೆಲ್ಲ ಎಂದರೆ ಏನೆಂದು ತಿಳಿದ ಮೇಲೆ ಅವರು ಬೇಡವೆನ್ನಲಿಲ್ಲ. ಬೆಲ್ಲ ಇದ್ದಲ್ಲಿ ಇರುವೆ ಎಂಬಂತೆ ನಾವು ಬಂದು ಮುತ್ತಿದೆವು. ಕೊಡವ ಮನೆಗಳಿಂದ ಬಂದರು, ಗೌಡರ ಮನೆಗಳಿಂದ ಬಂದೆವು, ಅಂಗಡಿ ಸಾಲಿನಿಂದ ಮಲಯಾಳಿ ಹೆಂಗಸರು ಬಂದರು, ಲೈನಿನಿಂದ ಚೋಮಿ ಮತ್ತು ಅವಳ ಜೊತೆಯವರು ಬಂದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಇಂಗ್ಲಿಷು ಒಂದೇ ಎಲ್ಲರಿಗೂ ಸಮನಾಗಿ ತಿಳಿಯದ ಭಾಷೆ. ಹಾಗಾಗಿ ಅಲ್ಲಿ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ.

ನನ್ನನ್ನು ಕಳಿಸಿದ್ದು ಯಾರು? ಇದೇ ಅಧ್ಯಕ್ಷರು. ನನ್ನ ಯಜಮಾನರು ಸೈನ್ಯದಲ್ಲಿದ್ದಾರೆ, ಮನೆಯಲ್ಲಿ ಮಾವನವರ ಮಾತೇ ಮಾತು. ಎಲೆಯಡಿಕೆ ಹಾಕುತ್ತ, ನನ್ನ ಮುಖ ನೋಡದೆ, ಕಂಬವನ್ನು ನೋಡುತ್ತ ಅವರು ಹೇಳಿದರು: "ದೊರೆಗ ಹೋದರೂ ಅವರ ಮಾತ್ ಇಲ್ಲೇ ಉಟ್ಟು. ಮನೇಲಿ ಒಬ್ಬರಿಗಾದರೂ ಗೊತ್ತಿರೊಕು. ಹೋಗಿ ಕಲ್ತ್‌ಕಂಡ್ ಬಾ." ಬ್ರಿಟಿಷರು ಹೋದರೂ ಅವರ ಮಾತು ಇಲ್ಲೇ ಉಂಟು, ಕಲಿತು ಬಾ ಎಂದು ಅವರು ಕಂಬಕ್ಕೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಪಾಠದ ರೀತಿ ಹೀಗಿತ್ತು. ಬೆಲ್ಲಮ್ಮ ಒಂದು ಕಥೆ ಓದಿಸುತ್ತಿದ್ದರು. ಆಮೇಲೆ ಅದೇ ಮಾತುಗಳನ್ನು ಹಿಡಿದು ಪಕ್ಕದವಳನ್ನು ಒಂದು ಪ್ರಶ್ನೆ ಕೇಳಬೇಕು, ಅವಳು ಉತ್ತರ ಹೇಳಬೇಕು. ಬಾವಿಯ ಹತ್ತಿರ ನೀರು ಕೇಳುವ ಕಥೆ ಬಂದರೆ ನಾವು ಒಬ್ಬರಿಗೊಬ್ಬರು ನೀರು ಕೇಳುವುದು. ರೊಟ್ಟಿ ಹಂಚುವ ಕಥೆ ಬಂದರೆ ಸಂತೆಯ ವ್ಯಾಪಾರ. ಸುಮಾರು ದಿನ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಯೆಸ್, ನೋ, ಥ್ಯಾಂಕ್ಯೂ, ಇಷ್ಟರಲ್ಲಿ ಸಂಸಾರ ನಡೆಯುತ್ತಿತ್ತು. ನಾವು ಬಾಯಿ ಬಿಟ್ಟದ್ದು ಯಾವಾಗ ಗೊತ್ತೇ? ನಮಗೆ ಸಿಟ್ಟು ಬಂದಾಗ.

ಒಬ್ಬ ತಂದೆಗೆ ಇಬ್ಬರು ಮಕ್ಕಳು. ಕಿರಿಯವನು, ಅಪ್ಪ ಬದುಕಿರುವಾಗಲೇ ನನ್ನ ಪಾಲು ಕೊಡು ಎಂದು ಕೇಳಿ ತೆಗೆದುಕೊಂಡು, ಪರದೇಶಕ್ಕೆ ಹೋಗಿ, ಎಲ್ಲವನ್ನೂ ಹಾಳುಮಾಡಿ, ಕೊನೆಗೆ ಹಂದಿ ಮೇಯಿಸಿ, ಹಸಿದು ಮನೆಗೆ ಬರುತ್ತಾನೆ. ಅಪ್ಪ ಓಡಿ ಹೋಗಿ ತಬ್ಬಿಕೊಂಡು, ಕೊಬ್ಬಿದ ಕರುವನ್ನು ಕೊಯ್ದು ಊಟ ಹಾಕಿಸುತ್ತಾನೆ. ಗದ್ದೆಯಲ್ಲಿ ದುಡಿಯುತ್ತಿದ್ದ ಹಿರಿಯವನಿಗೆ ಯಾರೂ ಹೇಳಿ ಕಳಿಸಲಿಲ್ಲ; ಅವನು ಸಿಟ್ಟಾಗಿ ಒಳಗೆ ಬರದೆ ಹೊರಗೇ ನಿಲ್ಲುತ್ತಾನೆ. ಬೆಲ್ಲಮ್ಮ ಇದು ಕ್ಷಮೆಯ ಕಥೆ ಎಂದರು. ನಾವು ಒಪ್ಪಲಿಲ್ಲ. ಇಡೀ ಮನೆತನಕ್ಕೆ ಒಟ್ಟಾಗಿ ಸೇರಿದ ಜಮ್ಮಾ ಭೂಮಿಯನ್ನು ಪಾಲು ಮಾಡುವುದುಂಟೇ? ಅಪ್ಪ ಇರುವಾಗ ಪಾಲು ಕೇಳುವ ನಾಲಗೆ ಎಂಥದು? ಹಿರಿಯವನ ಬೆವರಿಗೆ ಏನು ಬೆಲೆ? ಎಲ್ಲರೂ ಒಟ್ಟಿಗೆ ಎದ್ದೆವು. ಬೆಲ್ಲಮ್ಮ ಮೇಜು ಕುಟ್ಟಿ, ಇಂಗ್ಲಿಷಿನಲ್ಲಿ, ಇಂಗ್ಲಿಷಿನಲ್ಲಿ ಎಂದರು. ಆಗ ನಮ್ಮ ಪೊನ್ನಮ್ಮಕ್ಕ, ಅಲ್ಲಿ ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ ನೋಡಿ, ಅವರು ಎದ್ದು ನಿಂತು ಗಟ್ಟಿಯಾಗಿ, "ವೈ ಕಾಫ್? ಪಿಗ್ ಈಸ್ ದೇರ್," ಎಂದರು. ಹಬ್ಬದ ಊಟಕ್ಕೆ ಕೈಯಳತೆಯಲ್ಲಿ ಹಂದಿ ಇರುವಾಗ ಯಾವ ಬುದ್ಧಿವಂತ ಕರುವನ್ನು ಕೊಲ್ಲುತ್ತಾನೆ ಎಂಬುದು ಅವರ ಪ್ರಶ್ನೆ. ಸಭಿಕರೇ, ಕೊಡಗಿನಲ್ಲಿ ಹುಟ್ಟಿದವರಿಗೆ ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇದೆಯೇ? ಆ ಹಂದಿಗಳು ಬೇರೆ ದೇಶದಲ್ಲಿದ್ದವು, ಬೇರೆಯವರವು ಎಂದು ಬೆಲ್ಲಮ್ಮ ವಿವರಿಸಿದರು. ಅಂದು ಕತ್ತಲಾಗುವವರೆಗೂ ಇಂಗ್ಲಿಷಿನಲ್ಲಿ ಜಗಳ ನಡೆಯಿತು. ಅಂದಿನಿಂದ ನಾವು ಮಾತಾಡುವವರಾದೆವು.

ಇನ್ನೊಂದು ಗುಟ್ಟು. ತರಗತಿಯಿಂದ ಬಂದ ಮೇಲೆ ನಮ್ಮ ಮಾವನವರು ಪ್ರತಿಸಲವೂ ಇವತ್ತು ಯಾವ ಕಥೆ ಎಂದು ಕೇಳುತ್ತಿದ್ದರು, ಅದನ್ನೂ ಕಂಬದ ಕಡೆಗೇ. ಈ ಕಥೆಯನ್ನು ಹೇಳಿದ ದಿನ ಅವರು ಎಲೆಯಡಿಕೆ ನಿಲ್ಲಿಸಿದರು. "ಆ ಅಣ್ಣ ಮತ್ತೆ ಒಳಗೆ ಹೋತ್ತೋ, ಹೊರಗೇ ನಿಂತತ್ತೋ?" ಎಂದು ಕೇಳಿದರು. ಪುಸ್ತಕದಲ್ಲಿ ಅದು ಬರೆದಿಲ್ಲ ಮಾವ ಎಂದೆ. ಆ ರಾತ್ರಿ ಅವರು ಊಟ ಮಾಡಲಿಲ್ಲ. ಅವರು ನಮ್ಮ ಮನೆಯ ಹಿರಿಯ ಮಗ. ಅವರ ತಮ್ಮನವರು ತಲಚೇರಿಯಿಂದ ವಾಪಸು ಬಂದ ವಿಷಯ... ಕ್ಷಮಿಸಬೇಕು, ಅದನ್ನು ನಾನು ಇಲ್ಲಿ ಎತ್ತಬಾರದಿತ್ತು. ಮುಂದೆ ಹೋಗುತ್ತೇನೆ.

ಒಂದು ಶಬ್ದದ ವಿಷಯ ಹೇಳಬೇಕು. ತಾಯಂದಿರು ಮಕ್ಕಳನ್ನು ಯೇಸುವಿನ ಹತ್ತಿರ ಕರೆತರುತ್ತಾರೆ, ಶಿಷ್ಯರು ಗದರಿಸಿ ತಡೆಯುತ್ತಾರೆ, ಆಗ ಅವನು ಮಕ್ಕಳನ್ನು ತಡೆಯಬೇಡಿ, ನನ್ನ ಬಳಿಗೆ ಬಿಡಿ ಎನ್ನುತ್ತಾನೆ. ನಮ್ಮ ಪುಸ್ತಕದ ಇಂಗ್ಲಿಷು ಮುನ್ನೂರು ವರ್ಷದ ಹಿಂದಿನದು. ಅದರಲ್ಲಿ ಬಿಡಿ ಎಂಬುದಕ್ಕೆ ಸಫರ್ ಎಂದಿದೆ. ಸಫರ್ ಎಂದರೆ ಬಿಡಿ ಎಂದು ನಾವು ಬಾಯಿಪಾಠ ಮಾಡಿದೆವು. ಬಾಗಿಲಲ್ಲಿ ಯಾರಾದರೂ ಅಡ್ಡ ನಿಂತರೆ ಸಫರ್ ಮಿ. ಸೌದೆ ಹೊತ್ತು ಬರುವಾಗ ಸಫರ್ ಮಿ. ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ಇಂಗ್ಲಿಷ್ ಮಾತು ಅದೇ.

ಹೋದ ವರ್ಷ ನನ್ನ ಮಗಳು ಚಿನ್ನಿಗೆ ಮಲೇರಿಯಾ ಬಂತು. ಮೈ ಸುಡುತ್ತಿತ್ತು, ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಮಾವನವರು ಜೀಪು ಹುಡುಕಿ ತಂದು ನಮ್ಮನ್ನು ಪೇಟೆಯ ಒಂದು ಆಸ್ಪತ್ರೆಗೆ ಮುಟ್ಟಿಸಿದರು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಅವರು ನನ್ನ ಮಗುವನ್ನು ಉಳಿಸಿಕೊಟ್ಟವರು. ಹೆಂಗಸರ ವಾರ್ಡಿನಲ್ಲಿ ಮಗುವಿಗೆ ಹಾಸಿಗೆ ಕೊಟ್ಟರು. ಸಂಜೆಯಾದ ಮೇಲೆ ಕಾಯಿಲೆಯವರನ್ನು ಬಿಟ್ಟು ಯಾರೂ ಒಳಗಿರಬಾರದು ಎಂಬುದು ಅಲ್ಲಿಯ ನಿಯಮ. ನಮ್ಮ ಭಾಷೆ ಬಲ್ಲ ನರ್ಸಮ್ಮ ಊಟಕ್ಕೆ ಹೋಗಿದ್ದರು. ಡಾಕ್ಟರು ಉತ್ತರದ ಕಡೆಯ ಚಿಕ್ಕ ವಯಸ್ಸಿನವರು, ಕನ್ನಡ ಬಾರದು, ತಮಿಳು ಬಾರದು. ಅವರು ಬಾಗಿಲ ಕಡೆಗೆ ಕೈ ತೋರಿಸಿದರು. ಒಳಗೆ ಚಿನ್ನಿ ಅವ್ವಾ ಅವ್ವಾ ಎನ್ನುತ್ತಿದ್ದಳು. ನಾನು ಬಾಗಿಲಿಗೆ ಅಡ್ಡವಾಗಿ ನಿಂತೆ. ನನ್ನ ಬಳಿ ಇದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ: "ಸಾರ್, ಸಫರ್ ಮಿ. ಸಫರ್ ಮಿ ವಿತ್ ಚೈಲ್ಡ್."

ಡಾಕ್ಟರು ನನ್ನ ಮುಖ ನೋಡಿದರು. "ಯೂ ಆಲ್ಸೋ ಸಫರ್? ಸಿನ್ಸ್ ವೆನ್?" ಎಂದರು. ಯಾವಾಗಿನಿಂದ ಎಂದು ಕೇಳಿದ್ದು ನನಗೆ ತಿಳಿಯಿತು. ಮಗುವಿನ ಜೊತೆ ಯಾವಾಗಿನಿಂದ ಇದ್ದೀಯ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಬೈಬಲಿನ ಮೊದಲ ಪುಟವನ್ನು ನೆನೆದು, "ಫ್ರಮ್ ದ ಬಿಗಿನಿಂಗ್, ಸಾರ್," ಎಂದೆ.

ಪಾಪ, ಆ ಮನುಷ್ಯ ಹೌಹಾರಿದರು. ಥರ್ಮಾಮೀಟರ್ ಬಾಯಿಗಿಟ್ಟರು. ಜ್ವರ ಕಾಣಲಿಲ್ಲ. ಮಲೇರಿಯಾ ಬಿಟ್ಟು ಬಿಟ್ಟು ಬರುವುದಲ್ಲವೇ? ಈಗ ಬಿಟ್ಟಿದೆ, ಮತ್ತೆ ಬರುತ್ತದೆ ಎಂಬಂತೆ ತಲೆಯಾಡಿಸಿ ನನ್ನನ್ನು ಚಿನ್ನಿಯ ಪಕ್ಕದ ಹಾಸಿಗೆಗೆ ಹಾಕಿಸಿದರು. ಊಟ ಮುಗಿಸಿ ಬಂದ ನರ್ಸಮ್ಮ ಕ್ವಿನೈನ್ ಕುಡಿಸಿದರು. ಆ ಕಹಿಯನ್ನು ನಾನು ವರ್ಣಿಸುವುದಿಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಆದರೆ ಮಗಳ ಕೈ ನನ್ನ ಕೈಯಲ್ಲಿತ್ತು. ತಪ್ಪು ಎಲ್ಲಿ ಆಯಿತೆಂದು ನನಗೆ ತಿಳಿಯಲಿಲ್ಲ, ತಿಳಿದಿದ್ದರೂ ತಿದ್ದುತ್ತಿರಲಿಲ್ಲ.

ಮರುದಿನ ಮಾವನವರು ಗಂಜಿ ತಂದರು. ನಾನೂ ರೋಗಿಯೆಂದು ಅವರಿಗೆ ಬಾಗಿಲಲ್ಲೇ ಹೇಳಿದ್ದರು. ಅವರು ಬಂದು ನಿಂತು ನನ್ನನ್ನು ನೋಡಿದರು. ಆಸ್ಪತ್ರೆಯ ವಾರ್ಡಿನಲ್ಲಿ ಕಂಬ ಇರಲಿಲ್ಲ. ಅಂದು ಮೊದಲ ಬಾರಿಗೆ ಅವರು ನನ್ನ ಮುಖ ನೋಡಿ ಮಾತಾಡಿದರು. ನಾನು ಇಬ್ಬರ ಗಂಜಿಯನ್ನೂ ಒಬ್ಬಳೇ ಕುಡಿದದ್ದನ್ನು ನೋಡಿ ಅವರಿಗೆ ಎಲ್ಲವೂ ಅರ್ಥವಾಯಿತು. ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದರು: "ಮದ್ದ್ ಕುಡಿ ಯಮುನ. ಕೂಸಿಗೆ ಗುಣ ಆಗುವಲ್ಲಿವರೆಗೆ ನಿಂಗೆ ಗುಣ ಆಗುದು ಬೊತ್ತು." ನಮ್ಮ ಅರೆಭಾಷೆ ಬಾರದವರಿಗೆ ಹೇಳುತ್ತೇನೆ: ಮಗುವಿಗೆ ಗುಣವಾಗುವವರೆಗೆ ನಿನಗೆ ಗುಣವಾಗುವುದು ಬೇಡ ಎಂದರು. ಸಭಿಕರೇ, ನಾನು ಈ ಮನೆಯ ಸೊಸೆಯಾದದ್ದು ಮದುವೆಯ ದಿನವಲ್ಲ, ಆ ದಿನ. ಇದನ್ನು ಮನೆಯಲ್ಲಿ ಅವರಿಗೆ ಹೇಳಲು ನನಗೆ ಸಾಧ್ಯವಾಗಿರಲಿಲ್ಲ. ಮೈಕಿನಲ್ಲಿ ಹೇಳುವುದು ಸುಲಭ.

ಚಿನ್ನಿ ಗುಣವಾದಳು. ಅದೇ ದಿನ ನನಗೂ ಗುಣವಾಯಿತು. ಊರಿಗೆ ಬಂದು ಬೆಲ್ಲಮ್ಮನಿಗೆ ಹೇಳಿದಾಗ ಅವರು ಕಣ್ಣೀರು ಬರುವಷ್ಟು ನಕ್ಕರು. ಸಫರ್ ಎಂದರೆ ಹಳೆಯ ಮಾತಿನಲ್ಲಿ ಬಿಡು ಎಂದು, ಈಗಿನ ಮಾತಿನಲ್ಲಿ ನರಳು, ಸಹಿಸಿಕೊ ಎಂದು ತಿಳಿಸಿದರು. ಇದನ್ನು ಮೊದಲೇ ಹೇಳಬಾರದಿತ್ತೇ ಅಮ್ಮಾ, ಕ್ವಿನೈನ್ ತಪ್ಪುತ್ತಿತ್ತು ಎಂದೆ. ಅವರು ನಗು ನಿಲ್ಲಿಸಿ, ತಮ್ಮ ಕನ್ನಡದಲ್ಲಿ ಹೇಳಿದರು: "ಎರಡು ಒಂದೇ ಮನೆ ಮಾತು, ಯಮುನಾ. ಬಿಡುವವರು ಸ್ವಲ್ಪ ಸಹಿಸಬೇಕು." ನಾನು ಈ ಮಾತನ್ನು ಎಲ್ಲಿ ಹೋದರೂ ಮರೆಯುವುದಿಲ್ಲ. ಈ ಸಂಜೆಯಂತೂ ಮರೆತಿಲ್ಲ.

ಈಗ ಮುಕ್ತಾಯದ ಮಾತಿಗೆ ಬರುತ್ತೇನೆ. ಕಲಿಸುವವರೇ ಹೋದ ಮೇಲೆ ತರಗತಿ ಏಕೆ ಎಂದು ಸಂಘದವರು ಕೇಳುತ್ತಾರೆ. ಈ ಕೋಣೆಯನ್ನು ಗಂಡಸರ ಕೂಟಕ್ಕೆ ಕೊಡುವುದೆಂದು ತೀರ್ಮಾನವಾಗಿದೆಯಂತೆ. ಪತ್ರಿಕೆ ಓದಲು ಎಂದಿದ್ದಾರೆ. ಇಸ್ಪೀಟು ಎಲೆಯೂ ಎಲೆಯೇ, ಅದನ್ನೂ ಓದಬಹುದು. ನನ್ನ ಉತ್ತರ ಇಷ್ಟೆ: ಕಲಿಸುವವಳು ಇದ್ದಾಳೆ. ನಾನು ಕಲಿಸುತ್ತೇನೆ. ಹಿತ್ತಲ ಗಿಡ ಮದ್ದಲ್ಲ ಎಂದು ನೀವು ನಗುತ್ತೀರಿ, ನಗಿ. ನನ್ನ ಇಂಗ್ಲಿಷು ಹಳೆಯದು, ನನ್ನ ಉಚ್ಚಾರಣೆ ಕರಿಕೆಯದು, ಒಪ್ಪಿದೆ. ಆದರೆ ಹಳೆಯ ಕತ್ತಿಯನ್ನು ಮಸೆದರೆ ಅದೂ ಕೊಯ್ಯುತ್ತದೆ. ಪುಸ್ತಕ ಅದೇ ಇರುತ್ತದೆ, ಬೆಲ್ಲಮ್ಮ ಬಿಟ್ಟು ಹೋಗುತ್ತಿದ್ದಾರೆ. ಮಿಷನ್ನಿನವರು ಹೋದ ಮೇಲೂ ಬೈಬಲ್ ಓದುವುದೇ ಎಂದು ಕೇಳುವವರು ಬೇರೆ ಪುಸ್ತಕ ತಂದುಕೊಡಲಿ, ಅದನ್ನೂ ಓದುತ್ತೇವೆ, ಅದರ ಮೇಲೂ ಜಗಳವಾಡುತ್ತೇವೆ. ನಮ್ಮ ಈ ಪುಟ್ಟ ಕೊಡಗು ರಾಜ್ಯವೇ ಇನ್ನು ಕೆಲವು ತಿಂಗಳಲ್ಲಿ ಮೈಸೂರಿಗೆ ಸೇರಿ ಹೋಗುತ್ತದೆ ಎನ್ನುತ್ತಾರೆ. ದೊಡ್ಡವರು ದೊಡ್ಡದನ್ನು ಮುಗಿಸಲಿ. ನಮ್ಮ ಚಿಕ್ಕ ತರಗತಿಯನ್ನು ಮುಗಿಸಲು ಯಾರಿಗೂ ಅವಸರ ಬೇಡ.

ಬೆಲ್ಲಮ್ಮ ಹೊರಡುತ್ತೇನೆಂದು ತಿಳಿಸಿದ ದಿನ ನಾವೆಲ್ಲ ಅತ್ತೆವು. ಚೋಮಿ ಒಬ್ಬಳು ಅಳಲಿಲ್ಲ. ದಿನವಿಡೀ ಬೆಟ್ಟದ ಮೇಲೆ ಏಲಕ್ಕಿ ಬಿಡಿಸಿ, ಇಳಿದು ಬಂದು ಇಲ್ಲಿ ಕೂರುವವಳು ಅವಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಇಂಗ್ಲಿಷಿನಲ್ಲಿ ಹಾಜರಿ ಕೂಗುವಾಗ ತನ್ನ ಬಗ್ಗೆ ಏನು ಹೇಳುತ್ತಾರೆಂದು ಈಗ ಅವಳಿಗೆ ತಿಳಿಯುತ್ತದೆ. ಹೋದ ತಿಂಗಳು ಒಮ್ಮೆ ಅವರಿಗೆ ತಿರುಗಿ ಉತ್ತರವನ್ನೂ ಕೊಟ್ಟಳು. ನಾವೆಲ್ಲ ಮೂಗು ಒರೆಸಿಕೊಳ್ಳುತ್ತಿರುವಾಗ ಅವಳು ನನ್ನ ಸೆರಗು ಎಳೆದು ಒಂದೇ ಮಾತು ಕೇಳಿದಳು: "ಸೋಮಾರ ಬರೋದಾ, ಬೇಡ್ವಾ ಯಮುನಕ್ಕ?" ಅಂದಿನಿಂದ ಇಂದಿನವರೆಗೆ ಅದೇ ಮಾತು ನನ್ನ ಕಿವಿಯಲ್ಲಿ ಕ್ವಿನೈನಿನ ಹಾಗೆ ಗುಂಯ್ ಎನ್ನುತ್ತಿದೆ.

ಅಧ್ಯಕ್ಷರೇ, ಇಗೋ ಬೀಗದ ಕೈ. ಹೇಳಿದ ಮಾತಿಗೆ ತಪ್ಪಬಾರದು, ನಿಮ್ಮ ಮುಂದೆ ಮೇಜಿನ ಮೇಲೆ ಇಟ್ಟಿದ್ದೇನೆ. ಸೋಮವಾರ ಸಂಜೆ ಬಾಗಿಲನ್ನು ನೀವು ತೆರೆದರೂ ಸರಿ, ನನ್ನ ಕೈಯಲ್ಲಿ ತೆರೆಸಿದರೂ ಸರಿ. ತೆರೆಯದಿದ್ದರೆ ಹೊರಗೆ ಕಲ್ಲುಗಳಿವೆ, ಅವುಗಳ ಮೇಲೆ ಕೂತು ಓದುತ್ತೇವೆ. ಮಳೆಗಾಲಕ್ಕೆ ಇನ್ನೂ ಸಮಯವಿದೆ. ಮಳೆ ಬಂದರೆ ಕೊಡೆ ಇವೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಮಾವನಿಗೆ ಯಾವ ಕಾಲ ಎಂದು ಗಾದೆ ಹೇಳುವುದಿಲ್ಲ. ಅದನ್ನು ನೀವೇ ಹೇಳಬೇಕು. ಅಂದು ಆಸ್ಪತ್ರೆಯಲ್ಲಿ ನೀವು ನನ್ನನ್ನು ಮಗಳ ಬಳಿ ಇರಲು ಬಿಟ್ಟಿರಿ. ನಾನು ಬೇರೆ ಏನನ್ನೂ ಕೇಳುತ್ತಿಲ್ಲ, ಅದನ್ನೇ ಇನ್ನೊಮ್ಮೆ ಕೇಳುತ್ತಿದ್ದೇನೆ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ಅದು ಹೌದೋ ಅಲ್ಲವೋ ನನಗೆ ಮನೆಗೆ ಹೋದ ಮೇಲೆ ತಿಳಿಯುತ್ತದೆ. ಆದರೆ ಚೋಮಿ, ಹಿಂದಿನ ಬೆಂಚಿನಲ್ಲಿರುವವಳೇ, ನೀನು ಅದಕ್ಕೆ ಕಾಯಬೇಡ. ಸೋಮವಾರ ಬಾ.

ಬೆಲ್ಲಮ್ಮಾ, ಕಡಲು ದಾಟಿ ಬಂದು ನಮಗೆ ನಾಲಗೆ ಕೊಟ್ಟಿರಿ. ನೀವು ಬಯಸಿದ್ದು ಪೂರ್ತಿ ನಿಮಗೆ ಸಿಕ್ಕಲಿಲ್ಲ, ನಾವು ಬಯಸಿದ್ದು ಪೂರ್ತಿ ನಮಗೆ ಸಿಕ್ಕಿತು. ಆ ಋಣ ನಮ್ಮ ಮೇಲಿರಲಿ. ಕೋಣೆ ಕೊಟ್ಟ ಸಂಘಕ್ಕೆ, ಮನೆಯ ಕೆಲಸ ನಿಂತರೂ ಬಾಯಿ ಬಿಡದ ಅತ್ತೆಯಂದಿರಿಗೆ, ಬಾಗಿಲ ಹೊರಗೆ ನಿಂತೇ ಪೂರ್ತಿ ಕೇಳಿದ ಗಂಡಸರಿಗೆ ನನ್ನ ವಂದನೆಗಳು. ನಿಮ್ಮೆಲ್ಲರಿಗೂ ಕೊನೆಯದಾಗಿ ನಮ್ಮ ತರಗತಿಯ ಇಂಗ್ಲಿಷಿನಲ್ಲೇ ಒಂದು ಮಾತು: ಸಫರ್ ಅಸ್. ನಮ್ಮನ್ನು ಬಿಡಿ. ಬಿಡಲಾರಿರಾದರೆ ಸಹಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಶಬ್ದ, ನಾವು ಬರುವುದಂತೂ ಬರುತ್ತೇವೆ.

ನಮಸ್ಕಾರ.